ಕನ್ನಿಗೆ ಕೂತ ಪುಸ್ತಕ

ಹಾಲನಿಗೆ ಅಳಿಯನ ಮೇಲೆ ಸಿಟ್ಟಿರಲಿಲ್ಲ, ಅಳಿಯನ ಓದಿನ ಮೇಲೆ ಸಿಟ್ಟಿತ್ತು. ಇವೆರಡೂ ಬೇರೆ ಬೇರೆ ಎಂದು ಅವನು ಹೊಸಹಟ್ಟಿಯ ಜಗಲಿಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಹುಡುಗ ಒಳ್ಳೆಯವನೇ. ಕುಡಿತವಿಲ್ಲ, ಜಗಳವಿಲ್ಲ, ಒದೆಯುವ ಎಮ್ಮೆಯೂ ಅವನು ಹತ್ತಿರ ಹೋದರೆ ಸುಮ್ಮನೆ ನಿಲ್ಲುತ್ತದೆ. ಮೈಸೂರಿಗೆ ಹೋಗಿ ಬಿ.ಎ. ಓದುತ್ತಾನೆ ಎಂದು ತಿಳಿದೇ ಹಾಲ ಮಗಳನ್ನು ಕೊಟ್ಟಿದ್ದ. ಇಸವಿ ಸಾವಿರದ ಒಂಬೈನೂರ ಮೂವತ್ತು ದಾಟಿದ ಹೊಸತು. ನೀಲಗಿರಿಯ ಬಡಗರ ಹಟ್ಟಿಗಳಲ್ಲಿ ಬಿ.ಎ.ವರೆಗೆ ಹೋದ ಹುಡುಗರನ್ನು ಹುಡುಕಿಕೊಂಡು ಹೋಗಿ ನೋಡಬೇಕಿತ್ತು. ಓದಿ ಬಂದವನು ಊಟಿಯ ಕಚೇರಿಯಲ್ಲಿ ಕುರ್ಚಿ ಹಿಡಿಯುತ್ತಾನೆ, ಇಲ್ಲವೆ ವಕೀಲನಾಗುತ್ತಾನೆ, ಕಾಡಿನ ಇಲಾಖೆಯವರು ಮೇವಿನ ಗುಡ್ಡಕ್ಕೆ ಬೇಲಿ ಹಾಕಲು ಬಂದಾಗ ಇಂಗ್ಲಿಷಿನಲ್ಲಿ ಎದುರು ನಿಂತು ಮಾತಾಡುತ್ತಾನೆ ಎಂದು ಹಾಲ ಅಂದುಕೊಂಡಿದ್ದ. ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ನಿಜ ಸಂಗತಿ ತಿಳಿದದ್ದು ಮದುವೆಯಾದ ಮೇಲೆ. ಅಳಿಯ ಭೋಜನ್ ರಜೆಗೆ ಬಂದಿದ್ದ. ಮಾವನ ಮನೆಯ ಅಂಗಳದಲ್ಲಿ ಕೂತು ಆಲೂಗಡ್ಡೆ ಬಿತ್ತನೆಗೆ ಗೆಡ್ಡೆ ಆರಿಸುತ್ತಿದ್ದ. ಹಾಲ ಸುಮ್ಮನೆ ಮಾತಿಗೆ ಮಾತು ಎಂದು ಅವನ ಓದಿನ ಬಗ್ಗೆ ಕೇಳಿದ.

"ಏನ ಪಡಿಪ್ಪು ನಿನ್ನದು? ಕಾನೂನಾ?"

"ಇಲ್ಲೆ ಮಾಮ. ಸಂಸ್ಕೃತ. ಅದರ ಜೊತೆ ಹಳೆಗನ್ನಡ. ಹಳೆಯ ಕಾವ್ಯ, ನಾಟಕ, ಛಂದಸ್ಸು, ಅಲಂಕಾರ."

"ಆ ಮಾತ ಯಾವ ಊರಲ್ಲಿ ಆಡುತ್ತಾರೆ?"

"ಈಗ ಯಾವ ಊರಲ್ಲೂ ಇಲ್ಲೆ."

ಹಾಲ ಕೈಯಲ್ಲಿದ್ದ ಗೆಡ್ಡೆಯನ್ನು ಬುಟ್ಟಿಗೆ ಹಾಕುವುದನ್ನು ಮರೆತ. "ಯಾರೂ ಆಡದ ಮಾತ ಕಲಿತು ನೀ ಯಾರ ಹತ್ತಿರ ಮಾತಾಡುವೆ?"

ಭೋಜನ್ ನಕ್ಕ. ಬೇರೆ ಯಾರಾದರೂ ಆಗಿದ್ದರೆ ಮಾವನ ಮುಂದೆ ತಲೆ ತಗ್ಗಿಸಿ ಸುಮ್ಮನಿರುತ್ತಿದ್ದರು. "ಮಾತಾಡುವದಕ್ಕೆ ಅಲ್ಲ ಮಾಮ, ಕೇಳುವದಕ್ಕೆ. ಅವರು ಹೇಳುವದ ಹೇಳಿ ಹೋಗಿಬಿಟ್ಟಿದ್ದಾರೆ. ಕೇಳುವವರು ಬೇಕಲ್ಲ?" ಎಂದವನು, ಕೈಯ ಮಣ್ಣು ಒರೆಸಿಕೊಂಡು, ಒಂದು ಪದ್ಯವನ್ನು ರಾಗ ಹಾಕಿ ಹೇಳಿಯೇಬಿಟ್ಟ. ಬೆಟ್ಟದ ಮೇಲೆ ಮೋಡ ಕೂತ ಬಗ್ಗೆಯಂತೆ. ಕೊಟ್ಟಿಗೆಯಲ್ಲಿ ಎಮ್ಮೆಗಳು ಕಿವಿ ನಿಮಿರಿಸಿ ಕೇಳಿದವು. ಬಾಗಿಲಲ್ಲಿ ಮಗಳು ಪಾಪಾತಿ ನಿಂತು ಕೇಳಿದಳು. ಹಾಲನೂ ಕೇಳಿದ, ಬೇಡ ಬೇಡ ಎಂದುಕೊಂಡೇ ಕೇಳಿದ, ಚೆನ್ನಾಗಿಯೂ ಇತ್ತು. ಅದರಿಂದಲೇ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಹೆದರಿಕೆ ಎಂದೆನಲ್ಲ, ಅದೇ ಸರಿಯಾದ ಮಾತು. ಪಾಪಾತಿಯ ತಾಯಿ ತೀರಿಕೊಂಡಾಗ ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಹಾಲ ಇನ್ನೊಂದು ಮದುವೆ ಮಾಡಿಕೊಳ್ಳದೆ, ಕಂಕುಳಲ್ಲಿ ಎತ್ತಿಕೊಂಡೇ ಉತ್ತು, ಬಿತ್ತಿ, ಹಾಲು ಕರೆದು ಅವಳನ್ನು ಬೆಳೆಸಿದ. ಈಗ ನೋಡಿದರೆ ಅಳಿಯನ ಕಿವಿ ಪೂರಾ ಸತ್ತವರ ಕಡೆಗೆ ತಿರುಗಿದೆ. ಸತ್ತವರ ಮಾತಿಗೆ ಇಷ್ಟು ಕಿವಿ ಕೊಡುವವನು ಬದುಕಿರುವ ಹೆಂಡತಿ ಕರೆದರೆ ಓಗೊಡುತ್ತಾನೆಯೆ? ಈ ಪ್ರಶ್ನೆ ಅವನ ತಲೆಯಲ್ಲಿ ಒಮ್ಮೆ ಹೊಕ್ಕದ್ದು ಹೊರಗೆ ಬರಲೇ ಇಲ್ಲ.

ಬರದಿದ್ದಕ್ಕೆ ಕಾರಣವೂ ಇತ್ತು. ಬಡಗರಲ್ಲಿ ಮದುವೆಯೆಂಬುದು ಅರ್ಧ ಕೆಲಸ. ಹೆಣ್ಣು ಗಂಡನ ಮನೆಗೆ ಬಂದು, ಹಳ್ಳದಿಂದ ಒಂದು ಕೊಡ ನೀರು ತಂದು ಒಳಗಿಟ್ಟಳೆಂದರೆ ಮದುವೆಯಾಯಿತು. ಕಟ್ಟು ಬೀಳುವುದು ಮೊದಲ ಬಸುರಿನಲ್ಲಿ. ಐದನೆಯ ತಿಂಗಳಲ್ಲೋ ಏಳನೆಯದರಲ್ಲೋ ಎರಡೂ ಕಡೆಯ ನೆಂಟರು ಸೇರುತ್ತಾರೆ. ಗಂಡ ಹೆಂಡತಿ ಅಕ್ಕಪಕ್ಕ ಕೂರುತ್ತಾರೆ. ಗಂಡ ಮಾವನ ಕಡೆ ತಿರುಗಿ, "ನಿನ್ನ ಮಗಳ ಕೊರಳಿಗೆ ಕನ್ನಿ ಹಾಕಲಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಾನೆ. ಕನ್ನಿ ಎಂದರೆ ಒಂದೆಳೆ ನೂಲು, ಮತ್ತೇನಲ್ಲ. ಮಾವ "ಹೂಂ" ಎಂದರೆ ನೂಲು ಕೊರಳಿಗೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ತೆಗೆದೂ ಬಿಡುತ್ತಾರೆ. ಆದರೆ ಬಿದ್ದದ್ದು ಬಿದ್ದಂತೆಯೇ. ಅಲ್ಲಿಯವರೆಗೆ ಹೆಣ್ಣು ತವರಿಗೆ ತಿರುಗಿ ಬಂದರೆ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ, ಹುಟ್ಟಿದ ಮಗು ತಾತನ ಮನೆಯಲ್ಲಿ ಬೆಳೆಯುತ್ತದೆ. ಅಲ್ಲಿಂದಾಚೆಗೆ ತಾಯಿಯೂ ಮಗುವೂ ಗಂಡನ ಮನೆಯವರು. ಆ ಒಂದು "ಹೂಂ" ಇನ್ನೂ ಹಾಲನ ಬಾಯಲ್ಲೇ ಇತ್ತು.

ಪಾಪಾತಿಯ ಬಸುರಿನ ಐದನೆಯ ತಿಂಗಳಲ್ಲಿ ಭೋಜನ್ ಬರಲಿಲ್ಲ. ಕಾಲೇಜಿನಲ್ಲಿ ಏನೋ ಪರೀಕ್ಷೆಯಂತೆ. ಅವನ ಅಪ್ಪ ಜೋಗಿ ತಮ್ಮ ಹಟ್ಟಿಯಾದ ಇತ್ತಲಾರಿನಲ್ಲಿ ನಾಲ್ಕು ಜನರ ಮಾತು ಕೇಳಿ ನಡೆಯುವ ಮನುಷ್ಯ. ಅವನೇ ಹೊಸಹಟ್ಟಿಗೆ ಬಂದು ಕೈ ಹಿಡಿದುಕೊಂಡು, ಏಳನೆಯದರಲ್ಲಿ ತಪ್ಪದೆ ಮಾಡಿಬಿಡೋಣ, ಹುಡುಗ ಬಂದೇ ಬರುತ್ತಾನೆ ಎಂದು ಹೇಳಿಹೋದ. ಎಂಟರಲ್ಲಿ ಕನ್ನಿ ಹಾಕಿದ್ದನ್ನು ಯಾರೂ ಕಂಡಿಲ್ಲ, ಕೇಳಿಲ್ಲ. ಬೆಳೆಯುವ ಚಂದ್ರನನ್ನು ನೋಡಿ ದಿನ ಗೊತ್ತು ಮಾಡಿ ಮೈಸೂರಿಗೆ ಹೇಳಿಕಳಿಸಿದರು. ಹಾಲ ಯಾರಿಗೂ ಹೇಳದೆ ತಾನೂ ಒಂದು ಗೊತ್ತು ಮಾಡಿಕೊಂಡ: ಈ ಸಲವೂ ಆಸಾಮಿ ಬರದಿದ್ದರೆ ಮಗಳನ್ನು ಕರೆದುಕೊಂಡೇ ಮನೆಗೆ ಬರುವುದು. ಹೊರಡುವ ದಿನ ಅವಳ ಹಳೆಯ ಕಂಬಳಿಯನ್ನು ಬಿಸಿಲಿಗೆ ಹಾಕಿಸಿದ.

ಇತ್ತಲಾರಿನಲ್ಲಿ ಜೋಗಿಯ ಮನೆಯ ಮುಂದೆ ನೆಂಟರು ಸೇರಿದರು. ಗಂಡಸರು ಬಿಳಿ ಹೊದಿಕೆ ಹೊದ್ದು ಒಂದು ಕಡೆ, ಹೆಂಗಸರು ಒಂದು ಕಡೆ. ಒಳಗೆ ಅನ್ನ ಅವರೆ ಬೆಂದ ವಾಸನೆ. ಮನೆಯ ಹಿರಿಯಳು ಜೋಗಿಯ ತಾಯಿ ಮಾಸಿ, ಮೊಮ್ಮಕ್ಕಳಿಗೆ ಹೆತ್ತೆ, ಎಂದರೆ ಅಜ್ಜಿ. ಹಣೆಯ ಮೇಲೆ ಹಚ್ಚೆ, ಬಾಯಲ್ಲಿ ಎರಡು ಹಲ್ಲು, ಹಟ್ಟಿಯಲ್ಲಿ ಅವಳ ಮಾತಿಗೆ ಎದುರಿಲ್ಲ. ಅವಳೇ ಪಾಪಾತಿಯ ಕೈಹಿಡಿದು ತಂದು ಚಾಪೆಯ ಮೇಲೆ ಕೂರಿಸಿದಳು. ಪಕ್ಕದಲ್ಲಿ ಗಂಡನ ಜಾಗ ಖಾಲಿ. ಎಲ್ಲರ ಕಣ್ಣೂ ಊಟಿಯ ಕಡೆಯ ದಾರಿಯ ಮೇಲೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ದಾರಿಯಲ್ಲಿ ಒಬ್ಬ ಬಂದ. ಒಬ್ಬನೇ. ಅವನು ಕಾಳ, ಜೋಗಿಯ ತಮ್ಮನ ಮಗ, ಮೈಸೂರಿಗೂ ಊಟಿಗೂ ಓಡಾಡುವ ಮೋಟಾರು ಬಸ್ಸಿನಲ್ಲಿ ಕ್ಲೀನರು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಒಂದು ಗಂಟು. ಎಲ್ಲರೂ ಅವನ ಬೆನ್ನ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ನಿನ್ನ ಅಣ್ಣ ಎಲ್ಲಿ?" ಎಂದು ಜೋಗಿ ಕೇಳಿದ.

ಕಾಳ ಮೊದಲು ನೀರು ಕೇಳಿ ಕುಡಿದ. ಆಮೇಲೆ ಬಸ್ಸಿನ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ. "ಅಣ್ಣನಿಗೆ ಇವತ್ತೇ ಕಡೆಯ ಪರೀಕ್ಷೆ. ಇದು ಬಿಟ್ಟರೆ ಓದಿದ್ದೆಲ್ಲ ನೀರಿನ ಪಾಲು. ಹಳೆಯ ಕಾಲದಲ್ಲಿ ಅರಸ ದಂಡಿಗೆ ಹೋದರೆ ಅವನ ಕತ್ತಿ ತಂದು ಮಣೆ ಮೇಲಿಟ್ಟು ಅದಕ್ಕೇ ಹೆಣ್ಣ ಕೊಟ್ಟು ಮದುವೆ ಮಾಡುತ್ತಿದ್ದರಂತೆ. ಅಣ್ಣ ಓದಿದ ಬುಕ್ಕಿನಲ್ಲೇ ಅದು ಇದೆಯಂತೆ. ಎನ್ನ ಹತ್ತಿರ ಕತ್ತಿ ಇಲ್ಲೆ, ಪುಸ್ತಕ ಇದೆ, ಎನ್ನ ಬದಲು ಇದ ಕೂರಿಸಿ ಕನ್ನಿ ಹಾಕಿ ಅಂತ ಹೇಳಿದ." ಹೇಳಿ ಮುಗಿಸಿ, ಟವೆಲು ಬಿಚ್ಚಿ, ದಪ್ಪ ರಟ್ಟಿನ ಹಳೆಯ ಪುಸ್ತಕವೊಂದನ್ನು ತೆಗೆದು ಪಾಪಾತಿಯ ಪಕ್ಕದ ಖಾಲಿ ಜಾಗದಲ್ಲಿ ಇಟ್ಟೇಬಿಟ್ಟ.

ಗಂಡಸರ ಕಡೆಯಿಂದ ಯಾರೋ ಕಿಸಕ್ಕೆಂದರು. ಜೋಗಿಯ ಮುಖ ಕೆಂಪಾಯಿತು. ಬಡಗರ ಹುಡುಗನೊಬ್ಬ ಬಡಗರ ಹಟ್ಟಿಗೆ ಅರಸರ ಕತ್ತಿಯ ಕಥೆ ಹೇಳಿಕಳಿಸಿದ್ದಾನೆ! ಓದಿದವರು ಮಾಡುವ ತಪ್ಪೇ ಇದು. ಅವರಿಗೆ ಬೇಕಾದದ್ದು ಎಲ್ಲಾದರೂ ಒಂದು ಪುಸ್ತಕದಲ್ಲಿ ಸಿಕ್ಕೇ ಸಿಗುತ್ತದೆ, ಸಿಕ್ಕಿದ ಮೇಲೆ ಲೋಕವೆಲ್ಲ ಅದಕ್ಕೆ ಒಪ್ಪಿದೆ ಎಂದುಕೊಳ್ಳುತ್ತಾರೆ.

"ಹಾಲ, ನೀ ಏನ ಹೇಳುವೆ?" ಎಂದು ಜೋಗಿ ಮೆಲ್ಲಗೆ ಕೇಳಿದ.

ಹಾಲ ಇದಕ್ಕೇ ಕಾದಿದ್ದವನ ಹಾಗೆ ಕಾಲು ನೀಡಿ ಕೂತ. "ಎನ್ನದೇನ ಅಡ್ಡಿ? ಗಂಡ ಕೇಳಬೇಕು, ಮಾಮ ಹೂಂ ಅನ್ನಬೇಕು. ಅದು ಎಂಗ ಬಡಗರ ಕಟ್ಟಳೆ. ಪುಸ್ತಕ ಕೇಳಲಿ. ನಾ ಹೂಂ ಅನ್ನುತ್ತೇನೆ."

ಈಗ ಯಾರೂ ನಗಲಿಲ್ಲ. ಹೇಳಿದರೆ ನಂಬಲಿಕ್ಕಿಲ್ಲ, ಅಷ್ಟು ಜನ ದೊಡ್ಡವರು ಪುಸ್ತಕದ ಕಡೆ ನೋಡುತ್ತ ಕೂತುಬಿಟ್ಟರು, ಕೇಳಿದರೂ ಕೇಳೀತು ಎಂಬ ಹಾಗೆ. ಗಾಳಿಗೆ ರಟ್ಟು ಒಂದು ಸಲ ಎದ್ದು ಮಲಗಿತು. ಅಷ್ಟೇ.

ಹಾಲ ಎದ್ದು ನಿಂತ. ಗೆದ್ದೆ ಅನಿಸಿತು. "ಪಾಪಾತಿ, ಏಳು. ಮನೆಗೆ ಹೋಗುವ."

ಪಾಪಾತಿ ಏಳಲಿಲ್ಲ.

"ಏಳು ಎನ್ನ ಕೂಸೆ. ಇವನು ಬರುವವ ಅಲ್ಲ. ಐದರಲ್ಲೂ ಬರಲಿಲ್ಲೆ, ಏಳರಲ್ಲೂ ಬರಲಿಲ್ಲೆ."

"ಕೂತಾಗಿದೆ ಅಪ್ಪ," ಎಂದಳು ಪಾಪಾತಿ. ದನಿ ಏರಲಿಲ್ಲ. "ಕನ್ನಿಗೆ ಕೂತವಳು ಕನ್ನಿ ಬೀಳದೆ ಏಳಬಾರದು. ಎದ್ದರೆ ಮಗುವಿಗೆ ಆಗಿಬರುವುದಿಲ್ಲೆ. ನೀನೇ ಹೇಳಿದ್ದು ಎನಗೆ."

ಹೇಳಿದ್ದು ನಿಜ. ತಾಯಿಯಿಲ್ಲದ ಹುಡುಗಿಗೆ ಇಂಥದ್ದನ್ನೆಲ್ಲ ಹೇಳಿಕೊಟ್ಟವನು ಅವನೇ. ಹಾಲ ಮಾಸಿಯ ಕಡೆ ನೋಡಿದ. ಮುದುಕಿ, "ಹೌದು, ಕೂತವಳು ಏಳುವ ಹಾಗಿಲ್ಲೆ. ಅವಳು ಏಳುವವರೆಗೆ ಎರಡು ಕಡೆಯವರೂ ಊಟಕ್ಕೆ ಕೂರುವ ಹಾಗಿಲ್ಲೆ," ಎಂದು ತೀರ್ಪು ಕೊಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಒಳಗೆ ಬೆಂದ ಅವರೆ ಆರುತ್ತಿತ್ತು. ನೆಂಟರ ಮುಖದಲ್ಲಿ ಕಟ್ಟಳೆಯ ಮೇಲಿನ ಪ್ರೀತಿ ಮೆಲ್ಲನೆ ಕಡಿಮೆಯಾಗುತ್ತ ಬಂತು.

ಹಾಲ ತಿರುಗಿ ಕೂತ. ಹಟಕ್ಕೆ ಹಟ. ಮಗಳೇ ಸೋಲಲಿ ಎಂದು ಅವನು, ಅಪ್ಪನೇ ಸೋಲಲಿ ಎಂದು ಅವಳು. ಬಿಸಿಲು ಚಾಪೆ ಬಿಟ್ಟು ಸರಿಯಿತು. ಇತ್ತಲಾರಿನ ಗಾಳಿಗೆ ಬಿಸಿಲು ಹೋದ ಕೂಡಲೆ ಹಲ್ಲು ಮೂಡುತ್ತದೆ. ಪಾಪಾತಿ ಒಂದು ಕೈ ಹಿಂದಕ್ಕೆ ಊರಿ ಬೆನ್ನಿಗೆ ಆಸರೆ ಕೊಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ. ಸೊಂಟ ನೋಯುತ್ತಿದೆ ಎಂದು ಕುರುಡನಿಗೂ ಕಾಣುತ್ತಿತ್ತು. ಹಾಲ ಬೇರೆ ಕಡೆ ನೋಡಿದ.

ಮತ್ತೆ ನೋಡಿದಾಗ ಅವಳು ಪುಸ್ತಕವನ್ನು ತಿರುಗಿಸಿ ಇಡುತ್ತಿದ್ದಳು. ಕಾಳ ಅದನ್ನು ತಲೆಕೆಳಗಾಗಿ ಇಟ್ಟಿದ್ದನಂತೆ. ಪಾಪಾತಿಗೆ ಓದು ಬರುವುದಿಲ್ಲ. ಆದರೆ ರಜೆಯಲ್ಲಿ ಗಂಡ ಒಲೆಯ ಮುಂದೆ ಕೂತು ಗಟ್ಟಿಯಾಗಿ ಓದುವಾಗ ಎದುರಿಗೆ ಕೂತು ನೋಡಿದ್ದಳು. ರಟ್ಟಿನ ಮೇಲಿನ ಮಸಿಯ ಕಲೆ ಯಾವ ಮೂಲೆಗೆ ಬರಬೇಕೆಂದು ಗೊತ್ತಿತ್ತು. ಸರಿಯಾಗಿ ಇಟ್ಟು, ಸೆರಗಿನ ತುದಿಯಿಂದ ಧೂಳು ಒರೆಸಿ, ಗಾಳಿಗೆ ರಟ್ಟು ಏಳದಂತೆ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಯಾರಿಗೂ ತೋರಿಸಲೆಂದು ಮಾಡಿದ್ದಲ್ಲ ಅದು.

ಹಾಲ ಅದನ್ನು ನೋಡಿದ. ತಾನು ಕರೆದುಕೊಂಡು ಹೋಗಬೇಕೆಂದು ಬಂದ ಕೂಸು ಯಾವಾಗಲೋ ಹೋಗಿಯಾಗಿತ್ತು. ಅವಳು ಆ ಮೋಡದ ಪದ್ಯವನ್ನು ಬಾಗಿಲಲ್ಲಿ ನಿಂತು ಕೇಳಿದ ದಿನವೇ ಹೋಗಿದ್ದಳು, ಹಾಲನಿಗೆ ಗೊತ್ತಾಗಿದ್ದು ಈಗ. ದುಃಖವಾಯಿತು. ಅದರ ಮೇಲೆ ನಾಚಿಕೆಯೂ ಆಯಿತು, ಏಳು ತಿಂಗಳ ಬಸುರಿಯನ್ನು ಚಳಿಯಲ್ಲಿ ಕೂರಿಸಿ ಅಪ್ಪನಾದವನು ಆಟ ನೋಡುತ್ತಿದ್ದೇನಲ್ಲ ಎಂದು.

ಅವನು ಮೊಣಕಾಲಿಗೆ ಕೈಕೊಟ್ಟು ಎದ್ದ. ಚಾಪೆಯ ಹತ್ತಿರ ಬಂದು ಬಗ್ಗಿದ. ಮಗಳ ಕಡೆ ಅಲ್ಲ, ಪುಸ್ತಕದ ಕಡೆ ಬಗ್ಗಿದ. ಕಿವಿಯನ್ನು ಅದರ ಹತ್ತಿರ ತಂದು, ಏನನ್ನೋ ಕೇಳಿಸಿಕೊಳ್ಳುವವನ ಹಾಗೆ ಒಂದು ಕ್ಷಣ ನಿಂತ. ಆಮೇಲೆ ಎರಡು ಹಟ್ಟಿಯ ಜನಕ್ಕೂ ಕೇಳಿಸುವ ಹಾಗೆ ಹೇಳಿದ:

"ಹೂಂ. ಹಾಕು."

"ಕೇಳಿತಾ?" ಎಂದು ಕಾಳ ಬಾಯಿ ಬಿಟ್ಟು ಕೇಳಿದ.

"ನಿನಗೆ ಕೇಳಿಸಲಿಲ್ಲೆಯಾ? ಎನಗೆ ಕೇಳಿಸಿತು," ಎಂದ ಹಾಲ.

ಮಾಸಿ ಕಣ್ಣು ತೆರೆದು, ಇನ್ನು ಯಾರಾದರೂ ಏನಾದರೂ ಹೇಳುವ ಮೊದಲೇ, ನೂಲನ್ನು ಪುಸ್ತಕಕ್ಕೆ ಮುಟ್ಟಿಸಿ ಪಾಪಾತಿಯ ಕೊರಳಿಗೆ ಹಾಕಿಬಿಟ್ಟಳು. ಪಾಪಾತಿ ತಲೆ ಬಾಗಿಸಿದಳು. ಹಾಲ ಅವಳ ನೆತ್ತಿಯ ಮೇಲೆ ಕೈಯಿಟ್ಟು "ಬದುಕು, ಬದುಕು" ಎಂದ. ಮುಂದೆ ಹೇಳಬೇಕಾದ ಮಾತುಗಳು ಬಾಯಿಗೆ ಬರಲಿಲ್ಲ. ನೆಂಟರು ಎದ್ದು ಊಟಕ್ಕೆ ಹೋದರು, ಸ್ವಲ್ಪ ಓಡಿಯೇ ಹೋದರು ಎನ್ನಬೇಕು.

ಮರುದಿನ ಹೊತ್ತೇರಿದ ಮೇಲೆ ಹಾಲ ಹೊಸಹಟ್ಟಿಗೆ ಹೊರಟ. ಜೋಗಿ ಇನ್ನೊಂದು ದಿನ ಇರು ಎಂದ, ಎಮ್ಮೆ ನೋಡಿಕೊಳ್ಳುವವರಿಲ್ಲ ಎಂದು ಹೇಳಿ ತಪ್ಪಿಸಿಕೊಂಡ. ರಾತ್ರಿಯಿಡೀ ಹಟ್ಟಿಯವರು ಪುಸ್ತಕದ ಮಾತು ಆಡಿ ಆಡಿ ನಕ್ಕಿದ್ದರು, ಇನ್ನು ಅವನ ಹೆಸರು ಹೋಗಿ "ಪುಸ್ತಕದ ಮಾಮ" ಎಂದಾಗುವುದು ಖಂಡಿತ. ಆಗಲಿ ಬಿಡು, ಹುಡುಗ ಪರೀಕ್ಷೆಯನ್ನಾದರೂ ಬರೆದನಲ್ಲ, ನಾನು ನಗೆಪಾಟಲಾದದ್ದು ದಂಡವಾಗಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತ ಗುಡ್ಡದ ತಿರುವಿಗೆ ಬಂದ. ಎದುರಿನಿಂದ ಒಬ್ಬ ಏರುತ್ತ ಬರುತ್ತಿದ್ದ. ಕೋಟಿನ ತುಂಬ ಕೆಂಪು ಧೂಳು, ಕಾಲಲ್ಲಿ ಬೂಟು, ಬೂಟಿನ ಹಿಮ್ಮಡಿ ಮೆಟ್ಟಿಕೊಂಡು ಕುಂಟು ನಡಿಗೆ.

ಭೋಜನ್.

ಮಾವನನ್ನು ಕಂಡವನೇ ದಾರಿಯಲ್ಲೇ ನಿಂತ. "ಮಾಮ, ಪಾಪಾತಿ? ನಿನ್ನ ಜೊತೆ ಬರುತ್ತಿದ್ದಾಳಾ?" ಎಂದು ಹಾಲನ ಹಿಂದೆ ದಾರಿಯನ್ನು ನೋಡಿದ.

"ಪರೀಕ್ಷೆ ಏನ ಆತು?" ಎಂದ ಹಾಲ.

"ಬರೆಯಲಿಲ್ಲೆ."

"ಏನ ಅಂದೆ?"

"ಹೋಗಿ ಕೂತೆ ಮಾಮ. ಪೇಪರು ಕೊಟ್ಟರು. ಎಲ್ಲ ಗೊತ್ತಿದ್ದದ್ದೇ. ಬರೆಯುವದಕ್ಕೆ ತೊಡಗಿದೆ. ಆಗ ಆ ಕತ್ತಿಯ ಕಥೆ ನೆನಪಾತು." ಭೋಜನ್ ತುಟಿ ಒರೆಸಿಕೊಂಡ. "ಕಾಳನಿಗೆ ಹೇಳಿಕಳಿಸುವಾಗ ಎನಗೆ ಅರ್ಧವೇ ನೆನಪಿತ್ತು. ಕತ್ತಿಗೆ ಹೆಣ್ಣ ಕೊಟ್ಟರಲ್ಲ, ಆ ಅರಸ ದಂಡಿನಿಂದ ತಿರುಗಿ ಬರುವುದೇ ಇಲ್ಲೆ. ಅವಳು ಕತ್ತಿಯ ಜೊತೆಗೇ ಮುದುಕಿ ಆಗುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಓದಿದ್ದೆ, ಮರೆತಿದ್ದೆ. ಅದು ನೆನಪಾದ ಮೇಲೆ ಕೈ ಓಡಲಿಲ್ಲೆ. ಎದ್ದು ಬಂದುಬಿಟ್ಟೆ. ಗೂಡಲೂರಿನವರೆಗೆ ಬಸ್ಸು ಸಿಕ್ಕಿತು. ಬೆಳಗ್ಗೆ ದೇವಾಲದ ಚಹಾಪೆಟ್ಟಿಗೆಯ ಲಾರಿಯಲ್ಲಿ ಊಟಿಗೆ ಬಂದೆ. ಅಲ್ಲಿಂದ ನಡೆದೆ."

ಹಾಲ ದಾರಿಬದಿಯ ದಿಬ್ಬದ ಮೇಲೆ ಕುಸಿದು ಕೂತ. ಅವನಿಗೆ ನಗು ಬಂತು, ಅಳು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಳಿಯ ಬರುವುದಿಲ್ಲ ಎಂದು ಅವನ ಸಿಟ್ಟು ಇಷ್ಟು ದಿನ. ಈಗ ಬಂದನಲ್ಲ ಎಂದು ಸಿಟ್ಟು.

"ದಡ್ಡ!" ಎಂದು ಕೂಗಿದ. "ನಿನ್ನೆ ಎರಡು ಹಟ್ಟಿಯ ಎದುರು ನಾ ಬಗ್ಗಿ ಪುಸ್ತಕಕ್ಕೆ ಹೂಂ ಅಂದೆ! ಪುಸ್ತಕಕ್ಕೆ! ಹುಡುಗನ ಪಡಿಪ್ಪು ಕೆಡಬಾರದು ಅಂತ. ನೀ ಪೇಪರು ಬಿಟ್ಟು ಎದ್ದು ಬಂದೆಯಾ?"

ಭೋಜನ್‌ಗೆ ಅರ್ಥವಾಗಲು ಒಂದಿಷ್ಟು ಹೊತ್ತು ಹಿಡಿಯಿತು. "ಹೂಂ ಅಂದೆಯಾ ಮಾಮ? ಕನ್ನಿ ಬಿತ್ತಾ?"

"ಬಿತ್ತು. ನಿನ್ನ ಹೆತ್ತೆ ಹಾಕಿದಳು."

ಭೋಜನ್ ದಾರಿಯಲ್ಲೇ ಕೂತು, ಮೊಣಕಾಲಿನ ಮೇಲೆ ಮುಖವಿಟ್ಟು ಅತ್ತ. ಹಾಲ ಅಳಲು ಬಿಟ್ಟ. ಗುಡ್ಡದ ಕೆಳಗೆ ಯಾರೋ ಹೊಲದಲ್ಲಿ ಸಾಲು ತೆಗೆಯುತ್ತಿದ್ದರು, ತಲೆಯೆತ್ತಿ ಇವರ ಕಡೆ ನೋಡಿ ಮತ್ತೆ ಬಗ್ಗಿದರು.

"ಮತ್ತೆ ಬರೆಯುವದಕ್ಕೆ ಆಗುತ್ತದಾ?" ಎಂದು ಹಾಲ ಕೊನೆಗೆ ಕೇಳಿದ.

"ಮುಂದಿನ ಸಲ ಕಟ್ಟಬಹುದು. ಆದರೆ ಬೇಡ ಮಾಮ. ಸಾಕು. ನೀನೂ ಬೇಡ ಅಂದವನೇ ಅಲ್ಲವಾ? ಇಲ್ಲೇ ಇರುತ್ತೇನೆ. ಆಲೂಗಡ್ಡೆ ಬಿತ್ತುತ್ತೇನೆ."

"ಬಾಯಿ ಮುಚ್ಚು." ಹಾಲ ಎದ್ದು ನಿಂತ. "ಎನ್ನ ಮಗಳ ನಿನಗೆ ಕೊಟ್ಟಿಲ್ಲೆ ನಾ, ಪುಸ್ತಕಕ್ಕೆ ಕೊಟ್ಟಿದ್ದೇನೆ. ಆ ಪುಸ್ತಕದಲ್ಲಿ ನೀ ಫೇಲಾದರೆ ಅವಳ ಗಂಡ ಯಾರು? ಎನ್ನ ಮಾನ ಏನ ಆಗಬೇಕು? ಜನ ಈಗ ಪುಸ್ತಕದ ಮಾಮ ಅಂತ ನಗುತ್ತಿದ್ದಾರೆ. ನಗಲಿ. ಓದದ ಪುಸ್ತಕದ ಮಾಮ ಅಂತ ನಗಬಾರದು."

"ಅದ ಓದಿದರೆ ವಕೀಲ ಆಗುವದಿಲ್ಲೆ ಮಾಮ. ಕಚೇರಿಯಲ್ಲಿ ಕುರ್ಚಿಯೂ..."

"ಗೊತ್ತು. ಯಾವ ಊರಲ್ಲೂ ಇಲ್ಲದ ಮಾತು. ಎನಗೆ ನೀನೇ ಹೇಳಿದ್ದೆ." ಹಾಲ ಹೊದಿಕೆ ಸರಿಮಾಡಿಕೊಂಡ. "ಅರ್ಧ ಕಥೆ ನೆನಪಿಟ್ಟುಕೊಂಡು ಹೆಂಡತಿಯ ಕಳೆದುಕೊಳ್ಳಲಿಕ್ಕಿದ್ದೆ. ಇನ್ನರ್ಧ ನೆನಪಾದ ಮೇಲೆ ಓಡಿ ಬಂದೆ. ಹಾಗಾದರೆ ಪೂರಾ ಓದುವದು ಒಳ್ಳೇದೇ. ಏಳು. ಈಗ ಕೇಳು."

"ಏನ ಕೇಳಲಿ?"

"ನಿನ್ನೆ ಕೇಳಬೇಕಾದ್ದ."

ಭೋಜನ್ ಎದ್ದ. ಕೋಟಿನ ಧೂಳು ಕೊಡವಿದ. ನೆಂಟರಿಲ್ಲ, ಚಾಪೆಯಿಲ್ಲ, ದಾರಿಯ ಮಧ್ಯೆ ನಿಂತು, "ಮಾಮ, ನಿನ್ನ ಮಗಳ ಕೊರಳಿಗೆ ಕನ್ನಿ ಹಾಕಲಾ?" ಎಂದು ಕೇಳಿದ. ಪದ್ಯ ಹೇಳುವ ದನಿ ಅದಲ್ಲ.

ಹಾಲ ಉತ್ತರಕ್ಕೆ ಅವಸರ ಮಾಡಲಿಲ್ಲ. ನಿನ್ನೆ ಪುಸ್ತಕಕ್ಕೆ ಬೇಗ ಹೇಳಿಬಿಟ್ಟಿದ್ದ, ಇವತ್ತು ಸ್ವಲ್ಪ ಕಾಯಿಸುವ ಹಕ್ಕು ಅವನಿಗಿತ್ತು. ಹುಡುಗ ತಲೆ ಬಾಗಿಸಿ ನಿಂತೇ ಇದ್ದ. ಹಾಲ ಅವನ ನೆತ್ತಿಯ ಮೇಲೆ ಕೈಯಿಟ್ಟ. ನಿನ್ನೆ ಮಗಳಿಗೆ ಹೇಳಲಾಗದೆ ಗಂಟಲಲ್ಲಿ ನಿಂತಿದ್ದ ಹರಕೆಯ ಮಾತುಗಳು ಈಗ ಒಂದೊಂದಾಗಿ ಬಂದವು.

"ಹೂಂ," ಎಂದ. "ಬದುಕು, ಬದುಕು. ಮನೆ ತುಂಬಲಿ, ಹಟ್ಟಿ ತುಂಬಲಿ, ಎಮ್ಮೆ ಕರು ಹೆಚ್ಚಲಿ, ಒಂದು ಸಾವಿರ ಆಗಲಿ." ಹಿರಿಯರು ಯಾರೂ ಹೇಳಿಕೊಡದ ಒಂದು ಮಾತನ್ನೂ ತಾನೇ ಸೇರಿಸಿದ. "ಪಾಸಾಗು."

ಆಮೇಲೆ ಕೈ ತೆಗೆದು, ಮೈಸೂರಿನ ಬಸ್ಸು ಮತ್ತೆ ಯಾವಾಗ ಎಂದು ಕೇಳಿದ.